ಕಾರಿನ ನೆತ್ತಿಯ ಮೇಲೊಂದು ಮನೆ

ನಾನು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಊರವರು ಈರಣ್ಣ ಮಾಸ್ತರ ಅನ್ನುತ್ತಾರೆ. ಯಾವ ಸಾಮಾನನ್ನೇ ಆಗಲಿ, ಕೂಲಂಕಷವಾಗಿ ಅಧ್ಯಯನ ಮಾಡದೆ ಕೊಳ್ಳುವವನಲ್ಲ ಎಂದು ನನಗೊಂದು ಹೆಸರಿದೆ. ಆ ಹೆಸರು ಇಟ್ಟವನೂ ನಾನೇ.

ಹೋದ ಚಳಿಗಾಲದಲ್ಲಿ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಗಂಡ ಹೆಂಡತಿ ಇಬ್ಬರು ಕಾರು ನಿಲ್ಲಿಸುತ್ತಾರೆ. ಕಾರಿನ ಟಾಪ್ ಮೇಲೆ ಕಟ್ಟಿದ ಒಂದು ಗಂಟನ್ನು ಬಿಚ್ಚುತ್ತಾರೆ. ಅದು ಪುಸ್ತಕದಂತೆ ತೆರೆದುಕೊಂಡು ಟೆಂಟಾಗುತ್ತದೆ. ನಿಚ್ಚಣಿಕೆ ಹತ್ತಿ ಒಳಗೆ ಹೋಗಿ ಮಲಗುತ್ತಾರೆ. ಬೆಳಗಾದರೆ ಅಲ್ಲೇ ಕುಳಿತು ಸೂರ್ಯನನ್ನು ನೋಡುತ್ತಾ ಚಹಾ ಕುಡಿಯುತ್ತಾರೆ. ಇಷ್ಟೇ. ನಮಗೇನು ಕಡಿಮೆ ಅನ್ನಿಸಿತು. ಕಾರಿದೆ. ಕೃಷ್ಣೆ ಇದ್ದಾಳೆ. ಬೀಳಗಿಯ ಕಡೆ ಸಮುದ್ರದಂಥ ಹಿನ್ನೀರಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯನ್ನು ನಾನು ಮದುವೆ, ಮುಂಜಿ, ತೊಟ್ಟಿಲು ಬಿಟ್ಟು ಬೇರೆ ಯಾವುದಕ್ಕೂ ಊರು ಬಿಡಿಸಿ ಕರೆದುಕೊಂಡು ಹೋದವನಲ್ಲ.

ವಿಡಿಯೋವನ್ನು ಹೆಂಡತಿ ಶೈಲಾಗೆ ತೋರಿಸಿದೆ. ಅವಳು ಬಳ್ಳೊಳ್ಳಿ ಸುಲಿಯುತ್ತಲೇ ಪೂರ್ತಿ ನೋಡಿದಳು.

"ಬೀಳಗ್ಯಾಗ ನಮ್ಮ ಕಾಕಾನ ಮನಿ ಐತಿ. ಮುಧೋಳದಾಗ ನಿಮ್ಮ ಅಕ್ಕನ ಮನಿ ಐತಿ. ಬನಹಟ್ಟ್ಯಾಗ ನಮ್ಮ ತಂಗಿ ಅದಾಳ. ಟೆಂಟ್ ಹಾಕಾಕ ನಮಗ ಯಾವ ಊರ ಉಳದೈತ್ರಿ?"

ಮನೆ ಬೇರೆ, ನಿಸರ್ಗ ಬೇರೆ ಎಂದು ನಾನು ಒಂದು ಪಿರಿಯಡ್ಡಿನಷ್ಟು ವಿವರಿಸಿದೆ. ಅವಳು ಬೇಡ ಅನ್ನಲಿಲ್ಲ. ಇದನ್ನೇ ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಅಧ್ಯಯನ ಆರಂಭವಾಯಿತು. ಟೆಂಟಿನಲ್ಲಿ ಎರಡು ಜಾತಿ. ಒಂದು ಗಟ್ಟಿ ಚಿಪ್ಪಿನದು, ಪೆಟ್ಟಿಗೆಯ ಮುಚ್ಚಳದ ಹಾಗೆ ಏಳುವಂಥದ್ದು. ಇನ್ನೊಂದು ಮೆತ್ತನೆಯದು, ಬರೇ ದಪ್ಪ ಬಟ್ಟೆ. ಒಬ್ಬ ಪುಣ್ಯಾತ್ಮ ವಿಡಿಯೋದಲ್ಲಿ ಗಟ್ಟಿಯದನ್ನೇ ಕೊಳ್ಳಿ, ಮೆತ್ತನೆಯದು ಮಳೆಗೆ ತಡೆಯುವುದಿಲ್ಲ ಅಂದ. ಮತ್ತೊಬ್ಬ ಮೆತ್ತನೆಯದನ್ನೇ ಕೊಳ್ಳಿ, ಗಟ್ಟಿಯದರಲ್ಲಿ ಮಗ್ಗಲು ಹೊರಳಲು ಜಾಗವಿಲ್ಲ ಅಂದ. ಯಾವುದನ್ನು ಕೊನೆಗೆ ನೋಡಿದೆನೋ ಅದನ್ನು ನಂಬುತ್ತಾ ಹೋದೆ. ಮುಂಜಾನೆ ಗಟ್ಟಿ ಪಕ್ಷದಲ್ಲಿದ್ದವನು ಸಂಜೆಗೆ ಮೆತ್ತನೆಯ ಪಕ್ಷಕ್ಕೆ ಸೇರಿರುತ್ತಿದ್ದೆ. ಒಂದು ದಿನ ಫೋನಿನ ಚಾರ್ಜು ಮುಗಿಯಿತು. ಆಗ ನಾನು ಮೆತ್ತನೆಯ ಪಕ್ಷದಲ್ಲಿದ್ದೆ. ಹಾಗಾಗಿ ಅದೇ ಖಾಯಂ ಆಯಿತು.

ಮಾರುವವನಿಗೆ ಫೋನ್ ಮಾಡಿದೆ. ಅವನು ಹಿಂದಿಯವನು. ನನ್ನದು ವಿಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಲಿತ ಹಿಂದಿ. ಅವನು ಹೇಳಿದ್ದರಲ್ಲಿ ನನಗೆ ತಿಳಿದದ್ದಿಷ್ಟು: ಗಾಡಿ ಓಡುವಾಗ ಅದರ ಟಾಪು ಸ್ವಲ್ಪವೇ ಭಾರ ಹೊರುತ್ತದೆ, ನಿಂತಾಗ ಅದಕ್ಕಿಂತ ಎಷ್ಟೋ ಪಟ್ಟು ಹೊರುತ್ತದೆ. ಗಾಡಿ ಅದೇ, ಟಾಪು ಅದೇ, ಬಲ ಮಾತ್ರ ಬೇರೆ ಬೇರೆ ಹೇಗಾಗುತ್ತದೆ? ಇಡೀ ರಾತ್ರಿ ಯೋಚಿಸಿದೆ. ಮುಂಜಾನೆ ಶೈಲಾಗೆ ಹೇಳಿದರೆ ಅವಳಿಗೆ ತಕ್ಷಣ ತಿಳಿಯಿತು. "ಸಂತ್ಯಾಗ ನೀವೂ ಹಂಗಲ್ಲ" ಅಂದಳು. "ನಿಂತಾಗ ಎರಡೂ ಚೀಲಾ ಹಿಡೀತೀರಿ. ನಡಿಯೂಣು ಅಂದ ಕೂಡ್ಲೆ ಒಂದು ನನ್ನ ಕೈಯಾಗ ಬರತೈತಿ."

ಮಾರುವವನು ಇನ್ನೊಂದು ಪ್ರಶ್ನೆ ಕೇಳಿದ್ದ. ಕಾರಿನ ಟಾಪ್ ಮೇಲಿನ ಎರಡು ಉದ್ದನೆಯ ಸರಳುಗಳು ಅಸಲಿಯೋ, ಬರೇ ಶೋಕಿಗೋ? ಮಾಳಿಗೆ ಮೇಲೆ ನಿಂತು ಕೆಳಗಿನ ಕಾರನ್ನು ಪರೀಕ್ಷಿಸಿದೆ. ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಅಸಲಿ ಎಂದು ವರದಿ ಕೊಟ್ಟೆ.

ಟೆಂಟು ಲಾರಿಯಲ್ಲಿ ಬಂತು. ಆಳೆತ್ತರದ ಪೆಟ್ಟಿಗೆ. ಓಣಿಯವರು ಫ್ರಿಜ್ಜು ಅಂದುಕೊಂಡರು. ಅತ್ತಿಗೆ ಅದಕ್ಕೆ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆದರು. ನಾವು ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿ ಇರುವವರು. ಅಣ್ಣ ಶಿವಪ್ಪ ಹೊಲ ನೋಡಿಕೊಳ್ಳುತ್ತಾನೆ, ಕಬ್ಬು ಬೆಳೆಯುತ್ತಾನೆ, ಮಾತು ಬಹಳ ಕಡಿಮೆ. ಅವನು ಹೊಲದಿಂದ ಬಂದು ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ ಇದೇನು ಎಂದು ಕೇಳಿದ. ಗಾಡಿಯ ಮೇಲೆ ಮಲಗುವ ಮನೆ ಎಂದು ನಾನು ಉತ್ಸಾಹದಿಂದ ಹೇಳಿದೆ.

ಅಣ್ಣ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಆಮೇಲೆ, "ಮನ್ಯಾಗ ಜಾಗಾ ಸಾಲವಲ್ತೇನು?" ಅಂದ.

ನಾನು ನಕ್ಕೆ. ಅಣ್ಣ ನಗಲಿಲ್ಲ. ಅದು ನನ್ನ ಗಮನಕ್ಕೆ ಬರಲಿಲ್ಲ. ಇತಿಹಾಸದ ಮಾಸ್ತರನಿಗೆ ಎಲ್ಲವೂ ನಡೆದು ಮುಗಿದ ಮೇಲೆಯೇ ತಿಳಿಯುವುದು.

ಟೆಂಟು ಕೂಡಿಸಲು ಮಹಾಲಿಂಗಪುರದ ಒಬ್ಬ ವೆಲ್ಡಿಂಗ್‌ನವನ ಹತ್ತಿರ ಹೋದೆ. ಅವನು ಟ್ರ್ಯಾಕ್ಟರಿನ ಟ್ರೇಲರ್ ಮಾಡುವವನು. ಸರಳು ಎಷ್ಟು ಗಟ್ಟಿ ಇದೆ ನೋಡೋಣ ಎಂದು ಒಂದನ್ನು ಹಿಡಿದು ಎಳೆದ. ಅದು ಮೂಲಂಗಿಯಂತೆ ಕಿತ್ತು ಅವನ ಕೈಗೆ ಬಂತು. ಇಬ್ಬರೂ ಅದನ್ನು ನೋಡುತ್ತಾ ನಿಂತೆವು.

"ಇದು ಯಾಕ ಇತ್ರಿ?" ಎಂದು ಅವನು ಕೇಳಿದ.

"ಚಂದಕ್ಕ" ಅಂದೆ.

ಚಂದವನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು, ಬಾಗಿಲ ಚೌಕಟ್ಟನ್ನು ಕಚ್ಚಿ ಹಿಡಿಯುವ ಒಂದು ಕಬ್ಬಿಣದ ಕ್ಯಾರಿಯರ್ ಮಾಡಿಸಿದೆ. ಅವನ ಅನುಭವವೆಲ್ಲ ಕಬ್ಬಿನ ಲೋಡಿನದು. ಆದ್ದರಿಂದ ಕ್ಯಾರಿಯರ್ ಕೂಡ ಆ ಲೆಕ್ಕದಲ್ಲೇ ತಯಾರಾಯಿತು. ಅದನ್ನು ಮೇಲೆ ಇಟ್ಟ ಕೂಡಲೇ ಕಾರು ಕೆರೆಯಲ್ಲಿ ಕುಳಿತ ಎಮ್ಮೆಯ ಹಾಗೆ ಒಂದು ನಿಟ್ಟುಸಿರು ಬಿಟ್ಟು ತಗ್ಗಿತು. ಟೆಂಟು ಏರಿಸಿದ ಮೇಲೆ ಇನ್ನಷ್ಟು ತಗ್ಗಿತು.

ಟೆಂಟಿನ ತಳದಲ್ಲಿ ಒಂದು ಬಾಣದ ಗುರುತಿತ್ತು. ಗಾಡಿ ಹೋಗುವ ದಿಕ್ಕನ್ನು ಅದು ತೋರಿಸುತ್ತದೆ ಎಂದು ನಾನು ಹೇಳಿದೆ. ಸಾಮಾನು ಇಳಿಸುವಾಗ ಈ ಬದಿ ಮೇಲಿರಲಿ ಎಂದು ಅದರ ಅರ್ಥ ಅಂತ ಅವನು ಹೇಳಿದ. ನಾವು ಇಬ್ಬರೂ ಜೀವಮಾನದಲ್ಲಿ ಇಂಥ ಟೆಂಟನ್ನು ಮುಟ್ಟಿದವರಲ್ಲ. ಆದರೂ ಬಹಳ ಹೊತ್ತು ವಾದ ಮಾಡಿದೆವು. ಗಿರಾಕಿ ನಾನಾದ್ದರಿಂದ ನಾನೇ ಗೆದ್ದೆ. ಬಾಣವನ್ನು ಮುಂದಕ್ಕೆ ಮಾಡಿ, ಪಾನಾ ಹಚ್ಚಿ ನಟ್ಟು ಬಿಗಿದೆವು. ಬಿಚ್ಚಿ ನೋಡೋಣವೆಂದರೆ ಅವನ ಅಂಗಡಿಯ ತಗಡು ಅಡ್ಡ ಬರುತ್ತಿತ್ತು. ಆ ಬಾಣ ಟೆಂಟು ಬಿಚ್ಚಿಕೊಳ್ಳುವ ದಿಕ್ಕನ್ನು ತೋರಿಸುತ್ತದೆ ಎಂಬ ಮೂರನೆಯ ಅಭಿಪ್ರಾಯ ಲೋಕದಲ್ಲಿದೆಯೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಶನಿವಾರ, ಮುಂಜಾನೆಯ ಸಾಲೆ ಬಿಡುತ್ತಲೇ ಹೊರಟೆವು. ಅಣ್ಣ ಹೊಲದಲ್ಲಿದ್ದ. ಅವನಿಗೆ ಹೇಳಿ ಹೋಗೋಣ ಎಂದು ಶೈಲಾ ಅಂದಳು. ನಾಳೆ ಬರುವವರೇ ತಾನೆ ಎಂದು ನಾನೇ ಅವಸರ ಮಾಡಿದೆ. ಅತ್ತಿಗೆ ಗುಡಿಗೆ ಹೋಗಿದ್ದರು. ಬಾಗಿಲಿಗೆ ಕೊಂಡಿ ಹಾಕಿ, ಹಾಸಿಗೆ, ದಿಂಬು, ಕೊಡ, ಒಲೆ, ರೊಟ್ಟಿ ಗಂಟು ಎಲ್ಲ ಗಾಡಿಗೆ ತುಂಬಿದೆವು. ಎದುರು ಮನೆಯವರು ನೋಡುತ್ತಾ ನಿಂತಿದ್ದರು. ಅವರು ಏನು ಅಂದುಕೊಂಡಾರು ಎಂಬ ವಿಚಾರ ನನ್ನ ಅಧ್ಯಯನದ ವ್ಯಾಪ್ತಿಯಲ್ಲಿ ಬಂದಿರಲಿಲ್ಲ.

ಬೀಳಗಿ ದಾಟಿ ಹಿನ್ನೀರಿನ ದಂಡೆಗೆ ಬಂದಾಗ ಬಿಸಿಲು ಇನ್ನೂ ಜೋರಿತ್ತು. ನೀರು ಇಳಿಯುತ್ತಾ ಬಂದು, ಎರೆ ಭೂಮಿ ಹೊರಬಿದ್ದು, ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ನಾನು ಇಳಿದು ಚಪ್ಪಲಿಯಿಂದ ನೆಲವನ್ನು ಕುಟ್ಟಿ ನೋಡಿ, ಸ್ಥಳ ಯೋಗ್ಯವಾಗಿದೆ ಎಂದು ಘೋಷಿಸಿದೆ.

ಟೆಂಟು ಬಿಚ್ಚತೊಡಗಿದೆ. ಹೊದಿಕೆ ತೆಗೆದು, ಪಟ್ಟಿ ಸಡಿಲಿಸಿ, ನಿಚ್ಚಣಿಕೆ ಹಿಡಿದು ಎಳೆದೆ. ಟೆಂಟು ಬದಿಗೆ ಬಿಚ್ಚಿಕೊಳ್ಳಲಿಲ್ಲ. ನೆಟ್ಟಗೆ ಮುಂದಕ್ಕೆ ಬಿದ್ದು, ಮುಂದಿನ ಗಾಜನ್ನೂ ಬಾನೆಟ್ಟನ್ನೂ ಮುಚ್ಚಿತು. ನಿಚ್ಚಣಿಕೆ ಬಂಪರಿನ ಮುಂದೆ ನೆಲ ಮುಟ್ಟಿತು. ಶೈಲಾ ದೂರ ಹೋಗಿ ನಿಂತು ನೋಡಿ, ಗಾಡಿಗೆ ಟೊಪಿಗೆ ಹಾಕಿದ ಹಾಗೆ ಕಾಣುತ್ತದೆ ಅಂದಳು. ಇದೇ ಹೊಸ ಮಾದರಿ ಎಂದು ನಾನು ಹೇಳಿದೆ.

ಹತ್ತಿದೆವು. ಒಳಗೆ ಹೋಗಿ ಕುಳಿತು ಬಾಗಿಲ ಬಟ್ಟೆ ಸರಿಸಿದರೆ, ಖರೆ ಹೇಳುತ್ತೇನೆ, ಎದೆ ತಂಪಾಯಿತು. ಕಣ್ಣು ಹರಿಯುವವರೆಗೂ ನೀರು. ದಂಡೆಗುಂಟ ಬಿಳಿ ಹಕ್ಕಿಗಳು. ಗಾಳಿಗೆ ಟೆಂಟಿನ ಬಟ್ಟೆ ಮೆಲ್ಲಗೆ ಉಬ್ಬುತ್ತಿತ್ತು. ಶೈಲಾ ಸೆರಗು ಕಟ್ಟಿಕೊಳ್ಳದೆ, ಕಾಲು ಚಾಚಿ ಕುಳಿತಳು. ಹಾಗೆ ಅವಳು ಕುಳಿತದ್ದನ್ನು ನಾನು ನಮ್ಮ ಮನೆಯಲ್ಲಿ ನೋಡಿಲ್ಲ. "ಛಲೋ ಐತಿ" ಅಂದಳು. ಅವಳು ಹೀಗೆ ಒಂದೇ ಮಾತಿನಲ್ಲಿ, ಕೊನೆಗೆ 'ಆದ್ರ' ಸೇರಿಸದೆ ಏನನ್ನಾದರೂ ಹೊಗಳಿದ್ದು ಅದೇ ಮೊದಲು.

ಅಷ್ಟರಲ್ಲಿ ನೆಲ ವಾಲಿತು.

ಒಣಗಿದ ಮೇಲ್ಪದರದ ಕೆಳಗೆ ಎರೆ ಮಣ್ಣು ಇನ್ನೂ ಹಸಿಯಾಗಿಯೇ ಇತ್ತು. ನಿಚ್ಚಣಿಕೆಯ ಕಾಲು ಮೆಲ್ಲಗೆ ಅದರೊಳಗೆ ಇಳಿಯುತ್ತಿತ್ತು. ಟೆಂಟಿನ ಮುಂದಿನ ಅರ್ಧ ನಿಂತಿದ್ದು ಆ ನಿಚ್ಚಣಿಕೆಯ ಮೇಲೆಯೇ. ನಾನು ಬಾಗಿಲ ಕಡೆ ಸರಿದರೆ ಇಡೀ ಟೆಂಟು ಜಾರುಬಂಡಿಯಂತೆ ಮುಂದಕ್ಕೆ ಬಾಗುತ್ತಿತ್ತು. ಹಿಂದೆ ಸರಿದರೆ ನಿಲ್ಲುತ್ತಿತ್ತು. ಹಿಂದಿನ ಕಿಟಕಿಯಿಂದ ಇಳಿಯಬಹುದಿತ್ತೇನೋ, ಆದರೆ ಅದನ್ನು ನನ್ನ ಹೊಟ್ಟೆಯನ್ನು ಗಮನದಲ್ಲಿಟ್ಟುಕೊಂಡು ಹೊಲಿದಿರಲಿಲ್ಲ. ಇಬ್ಬರ ಫೋನೂ ಕೆಳಗೆ ಗಾಡಿಯೊಳಗೆ ಇದ್ದವು. ಹೀಗಾಗಿ ನಾವು ಹಿಂದಿನ ಮೂಲೆಗೆ ಬೆನ್ನು ಹಚ್ಚಿ, ನಿಸರ್ಗವನ್ನು ಆಸ್ವಾದಿಸುತ್ತಾ ಕುಳಿತೆವು.

ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಮುದುಕ ಗಾಡಿಯನ್ನೂ ನಮ್ಮನ್ನೂ ನೋಡಿ ನಿಂತ. ಕರೆಂಟಿನ ಸರ್ವೆಯವರೋ ಎಂದು ಕೇಳಿದ. ಅಲ್ಲ ಅಂದೆ. ಹಕ್ಕಿ ಎಣಿಸುವವರೋ? ಅಲ್ಲ. ಹಾಗಾದರೆ ಯಾವ ಊರು, ಯಾರ ಪೈಕಿ ಎಂದು ಶುರು ಮಾಡಿದ. ಶೈಲಾ ತಾನು ಬೀಳಗಿಯ ಸೋಮಣ್ಣನವರ ಅಣ್ಣನ ಮಗಳು ಅಂದಳು. ಮುದುಕನ ಮುಖ ಸಣ್ಣದಾಯಿತು. ಅವಳ ಕೆದರಿದ ತಲೆ ನೋಡಿದ. ಗಾಡಿಯ ಗಾಜಿನೊಳಗೆ ಕಾಣುತ್ತಿದ್ದ ಕೊಡ, ಒಲೆ, ಹಾಸಿಗೆ ನೋಡಿದ. ಎಮ್ಮೆಯನ್ನು ಅಲ್ಲೇ ಬಿಟ್ಟು, ದೂರ ಹೋಗಿ ಬೆನ್ನು ತಿರುಗಿಸಿ ಫೋನ್ ಮಾಡಿದ.

ಸ್ವಲ್ಪ ಹೊತ್ತಿನಲ್ಲಿ ಒಂದು ಬೈಕು ಬಂತು. ಹಿಂದೆ ಕುಳಿತವರು ಬಿಳಿ ಟೊಪಿಗೆ, ಧೋತರದ ಸೋಮಣ್ಣ ಕಾಕಾ, ಶೈಲಾಳನ್ನು ಎತ್ತಿ ಆಡಿಸಿದವರು. ನಾನು ಕುಳಿತಲ್ಲಿಂದಲೇ ಭಕ್ತಿಯಿಂದ ಕೈಮುಗಿದೆ. ಎತ್ತರದಿಂದ ಅದು ನಾನು ಅವರಿಗೆ ಆಶೀರ್ವಾದ ಮಾಡಿದ ಹಾಗೆ ಕಂಡಿತಂತೆ.

"ಕೆಳಗ ಇಳದು ಮಾತಾಡ್ರಿ ಮಾಸ್ತರ್ರ" ಅಂದರು ಕಾಕಾ.

"ಇಳಿಯಾಕ ಬರೂದಿಲ್ರಿ ಕಾಕಾ."

ಕಾಕಾ ಟೊಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಅದು ಸಿಟ್ಟಿನ ಗುರುತು ಎಂದು ಶೈಲಾ ನನ್ನ ಕಿವಿಯಲ್ಲಿ ಹೇಳಿದಳು. ಯಾಕೆ ಇಲ್ಲಿ ಬಂದು ಕುಳಿತಿದ್ದೀರಿ ಎಂದು ಅವರು ಕೇಳಿದರು. ಸಂತೋಷಕ್ಕೆ ಎಂದು ನಾನು ಹೇಳಿದೆ. ನಾಲ್ಕು ಹೊತ್ತು ಉಣ್ಣುವ ಮನೆ ಬಿಟ್ಟು, ಒಲೆ ಹೊತ್ತುಕೊಂಡು, ಕೆಸರಿನಲ್ಲಿ ಗಾಡಿ ಮೇಲೆ ಸಂತೋಷಕ್ಕೆ ಕೂಡುವವರನ್ನು ಅವರು ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ. ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. ಅವರ ದನಿ ಮೆತ್ತಗಾಯಿತು.

"ಯವ್ವಾ ಶೈಲಾ, ನನ್ನ ಮುಂದ ಖರೆ ಹೇಳು. ಅಣ್ಣ ತಮ್ಮಂದಿರ ವಾಟ್ನಿ ಆತೇನು? ಪಾಲಿಗೆ ಅವರಿಗೆ ಮನಿ, ನಿಮಗ ಗಾಡಿ ಬಂತೇನು?"

ಶೈಲಾಗೆ ನಗು ತಡೆಯಲಾಗಲಿಲ್ಲ. ಹಿರಿಯರ ಎದುರು ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸಿದಳು. ಭುಜಗಳು ಕುಲುಕತೊಡಗಿದವು. ಕೆಳಗಿನಿಂದ ಅದು ಬೇರೆಯೇ ಕಂಡಿತು. ಎಮ್ಮೆಯ ಮುದುಕ ಕಣ್ಣು ಒರೆಸಿಕೊಂಡ. ಕಾಕಾ ಫೋನ್ ತೆಗೆದು ಜಮಖಂಡಿಗೆ, ನನ್ನ ಅಣ್ಣನಿಗೆ ಹಚ್ಚಿದರು. ನಾನು ಮೇಲಿನಿಂದ ಬೇಡ ಬೇಡ ಎಂದು ಕೈ ಬೀಸಿದೆ. ಅದನ್ನು ಅವರು, ಪಾಪ, ಅಳಿಯ ಇಷ್ಟಾದರೂ ಅಣ್ಣನ ಮರ್ಯಾದೆ ಕಾಯುತ್ತಿದ್ದಾನೆ ಎಂದು ತಿಳಿದರು. ಮಗಳನ್ನು ಕೊಟ್ಟ ಮನೆಯಲ್ಲಿ ಹಿಂಗಾದರೆ ನಮಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದರು. ಹಿರೇತನವೆಂದರೆ ಇದೇ ಏನು ಅಂದರು. ಆ ಕಡೆಯಿಂದ ಏನೂ ಕೇಳಲಿಲ್ಲ. ಅಣ್ಣನ ಸ್ವಭಾವವೇ ಹಾಗೆ. ಫೋನ್ ಇಟ್ಟು ಕಾಕಾ, "ಬರ್ತಾನಂತ" ಅಂದರು.

ಅಣ್ಣ ಬರುವವರೆಗೆ ನಾನು ನಿಜ ಸಂಗತಿಯನ್ನು ಎರಡು ಮೂರು ರೀತಿಯಲ್ಲಿ ಹೇಳಿ ನೋಡಿದೆ. ವಿಡಿಯೋದಿಂದ ಶುರು ಮಾಡಿದೆ. ಬಾಣದ ವಿಷಯವನ್ನೂ ಹೇಳಿದೆ. ಹೇಳಿದಷ್ಟೂ ಅದು ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಕೊನೆಕೊನೆಗೆ, ನಮಗೆ ನಿಜಕ್ಕೂ ಮನೆಯಲ್ಲಿ ಏನಾದರೂ ಆಗಿದೆಯೋ, ನನಗೆ ತಿಳಿದಿಲ್ಲವೋ ಎಂಬ ಅನುಮಾನ ನನಗೇ ಬಂತು.

ಹೊತ್ತು ಇಳಿಯುವಾಗ ಒಂದು ಪಿಕಪ್ ಗಾಡಿ ಬಂತು. ಅಣ್ಣ ಹೊಲದ ಬಟ್ಟೆಯಲ್ಲೇ ಇದ್ದ. ಅತ್ತಿಗೆ ಕೈಯಲ್ಲಿ ಬುತ್ತಿ ಇತ್ತು. ಅಣ್ಣ ಕಾಕಾನ ಕಡೆ ನೋಡಲಿಲ್ಲ. ನೆಟ್ಟಗೆ ಬಂದು ಬಾನೆಟ್ಟಿನ ಮುಂದೆ ನಿಂತು, ಮುಖ ಎತ್ತಿ ನನ್ನನ್ನು ನೋಡಿದ. ಇಷ್ಟು ವರ್ಷದಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಈರಣ್ಣಾ, ಕೆಳಗಿನ ಕೋಲಿ ಭಾಳ ಕಾವು ಅಂತ ಶೈಲಾ ಒಮ್ಮೆ ಅಂದಿದ್ಲು. ಕೇಳಿ ಸುಮ್ಮನಿದ್ದೆ. ನನಗ ತಿಳೀಬೇಕಿತ್ತು. ಮ್ಯಾಲಿನ ಕೋಲಿ ನೀವು ತಗೋರಿ. ನಾವಿಬ್ರೂ ಕೆಳಗ ಬರ್ತೇವಿ. ಅದಕ್ಕ ಮನಿ ಬಿಟ್ಟ ಬಂದು ಹಿಂಗ ಕುಂಡರಬ್ಯಾಡ."

ಶೈಲಾಳ ನಗು ನಿಂತುಹೋಯಿತು. ಅಂಥದ್ದೇನೂ ಇಲ್ಲ ಅಣ್ಣಾ, ಇದು ಬರೇ ನನ್ನ ತಲೆತಿರುಕತನ ಎಂದು ಹೇಳಬೇಕೆಂದು ನಾನು ಎದ್ದು ಬಾಗಿಲ ಕಡೆ ಧಾವಿಸಿದೆ. ಧಾವಿಸಬಾರದೆಂಬುದು ಮರೆತೇ ಹೋಗಿತ್ತು. ಟೆಂಟು ಮುಂದಕ್ಕೆ ಮುಗ್ಗರಿಸಿತು. ನಾನು ಟೆಂಟಿನಲ್ಲೇ ಇದ್ದ ತೆಳು ಹಾಸಿಗೆಯ ಸಮೇತ ಬಾಗಿಲಿನಿಂದ ಜಾರಿ, ನಿಚ್ಚಣಿಕೆಯನ್ನು ಮುಟ್ಟದೆ, ಎರೆ ಮಣ್ಣಿನಲ್ಲಿ ಬೋರಲಾಗಿ ಬಿದ್ದೆ. ನನ್ನ ಎರಡೂ ಕೈ ಅಣ್ಣನ ಎರಡೂ ಪಾದದ ಮೇಲಿದ್ದವು.

ಕಾಕಾ ಟೊಪಿಗೆ ತೆಗೆದು ಕಣ್ಣಿಗೆ ಒತ್ತಿಕೊಂಡರು. "ಮುಗೀತು ಬಿಡ್ರಿ" ಅಂದ ಎಮ್ಮೆಯ ಮುದುಕ. "ತಮ್ಮ ಕಾಲಿಗೆ ಬಿದ್ದ ಮ್ಯಾಲ ಇನ್ನೇನ ಉಳೀತು."

ಅಣ್ಣ ನನ್ನನ್ನು ಎಬ್ಬಿಸಿ ನಿಲ್ಲಿಸಿ, ತನ್ನ ಟವೆಲ್ಲಿನಿಂದ ಮುಖ ಒರೆಸಿದ. ಶೈಲಾ ಮೇಲೆಯೇ ಕುಳಿತು, ಮೊದಲಿನಿಂದ ಕೊನೆಯವರೆಗೆ ನಡೆದದ್ದೆಲ್ಲ ಹೇಳಿದಳು. ನಾನು ಹೇಳಿದಾಗ ಯಾರೂ ನಂಬದ ಅದೇ ಸಂಗತಿಯನ್ನು ಅವಳು ಹೇಳಿದಾಗ ಎಲ್ಲರೂ ತಕ್ಷಣ ನಂಬಿದರು. ನನ್ನ ಗಂಡ ಹಿಂಗೇ ಅದಾರ ಎಂಬ ಒಂದು ಮಾತು ಅವಳು ಹೆಚ್ಚಿಗೆ ಸೇರಿಸಿದ್ದಳು. ಅತ್ತಿಗೆ ಮೊದಲು ನಕ್ಕರು. ಅಣ್ಣ ಕೊನೆಗೆ ನಕ್ಕ. ಆದರೆ ಬಹಳ ಹೊತ್ತು ನಕ್ಕ.

ನಿಚ್ಚಣಿಕೆಯ ಕಾಲಡಿ ಒಂದು ಚಪ್ಪಟೆ ಕಲ್ಲು ಇಟ್ಟು ಶೈಲಾಳನ್ನು ಇಳಿಸಿದೆವು. ಗಾಡಿಯ ಮುಂದಿನ ಗಾಲಿಗಳು ಅಷ್ಟರಲ್ಲಿ ಅರ್ಧ ಹೂತಿದ್ದವು. ನಾಳೆ ಟ್ರ್ಯಾಕ್ಟರ್ ತರಿಸಿ ಎಳೆಯೋಣ, ರಾತ್ರಿ ಎಲ್ಲರೂ ನಮ್ಮ ಮನೆಗೆ ನಡೆಯಿರಿ ಎಂದು ಕಾಕಾ ಅಂದರು. ಗಾಡಿ ಕಾಯಲು ಯಾರಾದರೂ ಇರಬೇಕಲ್ಲ ಎಂದು ಅಣ್ಣ ಕೇಳಿದ. ಕೇಳಿ, ಉತ್ತರಕ್ಕೆ ಕಾಯದೆ, ನಿಚ್ಚಣಿಕೆ ಹತ್ತಿ ಒಳಗೆ ಹೋದ. ಆಮೇಲೆ ಬಾಗಿಲಿನಿಂದ ತಲೆ ಹೊರಗೆ ಹಾಕಿ ಅತ್ತಿಗೆಯನ್ನು ಕರೆದ. ಅವರು ಬುತ್ತಿ ಹಿಡಿದುಕೊಂಡೇ ಹತ್ತಿದರು.

ನಾನು ನನ್ನ ಕ್ಯಾಂಪಿಂಗನ್ನು ಬೀಳಗಿಯಲ್ಲಿ, ಕಾಕಾನ ಪಡಸಾಲೆಯಲ್ಲಿ, ಫ್ಯಾನಿನ ಕೆಳಗೆ ಮುಗಿಸಿದೆ. ಮುಂಜಾನೆ ಟ್ರ್ಯಾಕ್ಟರಿನ ಜೊತೆ ಹೋದರೆ, ಅಣ್ಣ ಮತ್ತು ಅತ್ತಿಗೆ ಟೆಂಟಿನ ಬಾಗಿಲಲ್ಲಿ ಒಬ್ಬರ ಪಕ್ಕ ಒಬ್ಬರು ಕುಳಿತು, ನೀರಿನ ಮೇಲೆ ಏರುತ್ತಿದ್ದ ಸೂರ್ಯನನ್ನು ನೋಡುತ್ತಾ, ನಾನು ಒಯ್ದ ಒಲೆಯ ಮೇಲೆ ಕಾಸಿದ ಚಹಾ ಕುಡಿಯುತ್ತಿದ್ದರು.

ಅಣ್ಣ ಕೊಟ್ಟ ಮಾತು ತಿರುಗಿಸುವವನಲ್ಲ. ಎಷ್ಟು ಬೇಡವೆಂದರೂ ಮೇಲಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟ. ತಾವು ಕೆಳಗಿನ ಕೋಣೆಗೆ ಬರುತ್ತೇವೆಂದು ಹೇಳಿದ್ದನ್ನು ಮಾತ್ರ ಸ್ವಲ್ಪ ಬದಲಿಸಿದ. ಟೆಂಟನ್ನು ಕಾರಿನಿಂದ ಇಳಿಸಿ, ಮಾಳಿಗೆಯ ಮೇಲೆ, ನಮ್ಮ ಕೋಣೆಯ ಪಕ್ಕದಲ್ಲೇ ಹಾಕಿಸಿದ. ರಾತ್ರಿ ಗಂಡ ಹೆಂಡತಿ ಅದರೊಳಗೆ ಮಾತಾಡುತ್ತಾ ಮಲಗುತ್ತಾರೆ. ಮಾತು ಕಡಿಮೆಯಿದ್ದ ನಮ್ಮ ಅಣ್ಣ ಅಷ್ಟು ಹೊತ್ತು ಏನು ಮಾತಾಡುತ್ತಾನೋ ನನಗೆ ತಿಳಿಯದು.

ಮೊನ್ನೆ ಮುಧೋಳದಿಂದ ಒಬ್ಬರು ಮನೆಗೆ ಬಂದಿದ್ದರು. ಅವರೂ ಗಾಡಿಗೆ ಇಂಥ ಟೆಂಟು ಹಾಕಿಸಬೇಕೆಂದು ಇದ್ದಾರಂತೆ, ಯಾವ ಜಾತಿಯದು ಛಲೋ, ಹೇಗೆ ಕೂಡಿಸುವುದು ಎಂದು ವಿಚಾರಿಸಬೇಕಂತೆ. ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಕನ್ನಡಕ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡೆ.

"ಶಿವಪ್ಪನ್ನಾರು ಎಲ್ಲಿ ಅದಾರ್ರಿ?" ಅಂದರು ಅವರು. "ಟೆಂಟಿನ ಬಗ್ಗೆ ಜಮಖಂಡ್ಯಾಗ ಅವರಿಗೊಬ್ಬರಿಗೇ ಗೊತ್ತು ಅಂತ ಕೇಳಿ ಬಂದೇನಿ."

ನಾನು ಕನ್ನಡಕ ತೆಗೆದು, ಮಾಳಿಗೆಯ ಮೆಟ್ಟಿಲು ತೋರಿಸಿದೆ.